‘ಗ್ರಾಫಿಕ್ಸ್ ಹಳೆಯದು’ ಅಂದವರು ನೋಡಿದ್ದೇನು?

ನಮಸ್ಕಾರ.

‘ದಿ ಟರ್ಮಿನೇಟರ್’ ಬಗ್ಗೆ ಇಪ್ಪತ್ತೆರಡು ಪ್ರೇಕ್ಷಕರನ್ನು ಮಾತಾಡಿಸಿ ನೀವು ಬರೆದ ‘ಕಡಿಮೆ ಖರ್ಚಿನ ದೊಡ್ಡ ಸಿನಿಮಾ: ಜನ ಏನಂತಾರೆ?’ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ಒತ್ತಕ್ಷರ ಎಲ್ಲೂ ತಪ್ಪಿಲ್ಲ, ಅಷ್ಟು ಜನರ ಬೆನ್ನು ಹತ್ತಿ ಮಾತು ಹೊರಡಿಸುವುದು ಸುಲಭದ ಕೆಲಸವೂ ಅಲ್ಲ. ಮೆಚ್ಚುಗೆ ಇಲ್ಲಿಗೆ ಸಾಕು. ನಿಮ್ಮ ಮೂರನೇ ಪುಟವನ್ನು ಎರಡು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಈ ಪತ್ರ ಆ ಒಂದು ಪುಟದ ಬಗ್ಗೆ ಮಾತ್ರ.

ಅದರ ಮೊದಲ ಸಾಲು: ‘ಗ್ರಾಫಿಕ್ಸ್ ತುಂಬ ಹಳೆಯದು ಎಂದು ಒಂಬತ್ತು ಮಂದಿ ಹೇಳಿದರು.’

ಯಾವ ಗ್ರಾಫಿಕ್ಸ್? 1984ರ ಆ ಸಿನಿಮಾದಲ್ಲಿ ಮನುಷ್ಯನ ತೊಗಲು ಹೊದ್ದು ಬರುವ ಕೊಲೆಗಾರ ಯಂತ್ರದ ಒಳಗಿನ ಉಕ್ಕಿನ ಅಸ್ಥಿಪಂಜರವನ್ನು ಕಂಪ್ಯೂಟರಿನಲ್ಲಿ ಬಿಡಿಸಿಲ್ಲ. ಪಾದರಸದ ಹಾಗೆ ಹರಿದು ಆಕಾರ ಬದಲಿಸುವ ಟಿ-1000 ಎಂಬ ಯಂತ್ರ ಕಂಪ್ಯೂಟರಿನ ಕೂಸು ನಿಜ, ಆದರೆ ಅದು ಬಂದದ್ದು 1991ರ ಎರಡನೇ ಭಾಗದಲ್ಲಿ. ಒಂಬತ್ತರಲ್ಲಿ ಒಬ್ಬಿಬ್ಬರಾದರೂ ಎರಡನ್ನೂ ಕಲಸಿಕೊಂಡಿದ್ದಾರೆ ಅಂತ ನನಗೆ ಗುಮಾನಿ. ನೀವು ಕೇಳಿಲ್ಲ. ಮೊದಲ ಭಾಗದಲ್ಲಿ ಕಂಪ್ಯೂಟರಿನ ವಾಸನೆ ಬರುವುದು ಯಂತ್ರದ ಕಣ್ಣಿನಿಂದ ತೋರಿಸುವ ಕೆಂಪು ನೋಟದಲ್ಲಿ. ಅಲ್ಲಿ ಅಂಚಿನಲ್ಲಿ ಹರಿಯುವ ಅಕ್ಷರಗಳು 6502 ಪ್ರೊಸೆಸರಿನ ಅಸೆಂಬ್ಲಿ ಕೋಡು, ಆ ಕಾಲದ ಆಪಲ್ 2 ಎಂಬ ಮನೆಬಳಕೆಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಜಾತಿಯದು. 2029ರಿಂದ ಬಂದ ಕೊಲೆಗಾರ ಯಂತ್ರದ ತಲೆಯೊಳಗೆ ಅದನ್ನು ಕಂಡು ನಗುವವರು ಎಷ್ಟೋ ಜನ. ಬೆಂಗಳೂರಿನಲ್ಲಿ ಕೂತು ಇಪ್ಪತ್ತೆರಡು ಜನರನ್ನು ಮಾತಾಡಿಸಿದ ನಿಮಗೆ ಅಂಥವರೊಬ್ಬರೂ ಸಿಗಲಿಲ್ಲ ಅಂದರೆ ನಂಬುವುದು ಕಷ್ಟ.

ಉಳಿದದ್ದೆಲ್ಲ ಕೈಕೆಲಸ. ಗೊಂಬೆಗಳು ಸ್ಟ್ಯಾನ್ ವಿನ್ಸ್‌ಟನ್ ತಂಡದವು, ಪುಟಾಣಿ ಮಾದರಿಗಳು ಫ್ಯಾಂಟಸಿ 2 ಎಂಬ ಸಂಸ್ಥೆಯವು. ನಿಮ್ಮ ಪ್ರೇಕ್ಷಕರು ‘ಗ್ರಾಫಿಕ್ಸ್’ ಎಂಬ ಒಂದೇ ಚೀಲಕ್ಕೆ ತುಂಬಿದ್ದು ಕನಿಷ್ಠ ನಾಲ್ಕು ಬೇರೆ ಬೇರೆ ಕಸುಬುಗಳನ್ನು. ಒಂದೊಂದೂ ಬೇರೆ ರೀತಿಯಲ್ಲಿ ಹಳತಾಗುತ್ತದೆ. ಚೀಲ ಬಿಚ್ಚಿ ನೋಡಬೇಕಾದವರು ನೀವು.

ಮೊದಲು ಹೋಟೆಲ್ ಕೋಣೆಯ ದೃಶ್ಯ. ಕನ್ನಡಿ ಮುಂದೆ ನಿಂತು ಯಂತ್ರ ತನ್ನ ಹಾಳಾದ ಕಣ್ಣನ್ನು ಚಾಕುವಿನಿಂದ ಕೀಳುತ್ತದೆ. ಕೆಲವು ಶಾಟ್ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ಸ್ವಂತ ಮುಖ, ಕೆಲವು ಅವರ ಅಚ್ಚಿನಿಂದ ಮಾಡಿದ ಚಲಿಸುವ ಗೊಂಬೆ ತಲೆ. ಇದನ್ನು ನೋಡಿ ‘ರಬ್ಬರ್ ಥರ ಇದೆ’ ಅಂದವರು ಸುಳ್ಳು ಹೇಳಿಲ್ಲ. ನಿಜವಾದ ಚರ್ಮದೊಳಗೆ ಬೆಳಕು ಸ್ವಲ್ಪ ಇಳಿದು ಹೊರಬರುತ್ತದೆ, ಅದಕ್ಕೇ ಮುಖದಲ್ಲಿ ಜೀವಕಳೆ. ಗೊಂಬೆಯ ತೊಗಲು ಬೆಳಕನ್ನು ಮೇಲಿಂದಲೇ ಹಿಂದಕ್ಕೆ ಎಸೆಯುತ್ತದೆ. ಜೊತೆಗೆ ಕೆನ್ನೆಯ ಸ್ನಾಯು ಅಲುಗುವುದಿಲ್ಲ. ಇಷ್ಟಾದರೂ ದೃಶ್ಯ ಪಾರಾಗುತ್ತಿತ್ತೇನೋ, ಆದರೆ ಅಸಲಿ ಮುಖ ಮತ್ತು ನಕಲಿ ಮುಖ ಕೆಲವೇ ಸೆಕೆಂಡುಗಳ ಅಂತರದಲ್ಲಿ ಅಕ್ಕಪಕ್ಕ ಬರುತ್ತವೆ. ಕಣ್ಣು ಹೋಲಿಸದೆ ಬಿಡುವುದಿಲ್ಲ.

ಎರಡನೆಯದು, ಕೊನೆಯ ಕಾರ್ಖಾನೆ ಭಾಗದ ಅಸ್ಥಿಪಂಜರ. ಸೊಂಟದಿಂದ ಮೇಲೆ ಮಾತ್ರ ಕಾಣುವ ಶಾಟುಗಳಲ್ಲಿ ಇರುವುದು ಆಳೆತ್ತರದ ಅಳತೆಯ ಗೊಂಬೆ, ಕೆಳಗಿನಿಂದ ಜನ ಅದನ್ನು ಆಡಿಸುತ್ತಾರೆ. ಅದರ ಮೇಲೆ ಬೀಳುವ ಬೆಳಕು ಅಸಲಿ, ಹೊಗೆ ಅಸಲಿ, ಉಕ್ಕಿನ ಹೊಳಪು ಅಸಲಿ. ಈ ಶಾಟುಗಳನ್ನು ಇವತ್ತಿಗೂ ಯಾರೂ ಆಡಿಕೊಳ್ಳುವುದಿಲ್ಲ. ತಲೆಯಿಂದ ಪಾದದವರೆಗೆ ಪೂರ್ತಿ ಮೈ ಕಾಣಿಸಿ, ಒಂದು ಕಾಲು ಎಳೆದುಕೊಂಡು ನಡೆದು ಬರುವಾಗ ಮಾತ್ರ ಏನೋ ತಡವರಿಸಿದಂತೆ ಕಾಣುತ್ತದೆ. ಅದು ಮೂರನೆಯ ಕಸುಬು, ಸ್ಟಾಪ್ ಮೋಷನ್. ‘ಹಳೆಯದು’ ಎಂಬ ದೂರಿನ ಬಹುಪಾಲು ಹುಟ್ಟುವುದು ಈ ಬೆರಳೆಣಿಕೆಯ ಶಾಟುಗಳಿಂದ. 

ಯಾಕೆ ತಡವರಿಸುತ್ತದೆ ಅಂತ ನಿಮ್ಮ ಓದುಗರಿಗೆ ನಾಲ್ಕು ಸಾಲಿನಲ್ಲಿ ಹೇಳಬಹುದಿತ್ತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ನಾಲ್ಕು ಸೆಕೆಂಡಿನ ನಡಿಗೆ ಬೇಕಿದ್ದರೆ ಪುಟ್ಟ ಗೊಂಬೆಯನ್ನು 96 ಸಲ ಕೂದಲೆಳೆಯಷ್ಟು ಸರಿಸಿ, ಪ್ರತಿಸಲ ಕೈ ತೆಗೆದು, ಒಂದೊಂದೇ ಚೌಕಟ್ಟು ತೆಗೆಯಬೇಕು. ತೆಗೆಯುವ ಕ್ಷಣದಲ್ಲಿ ಗೊಂಬೆ ಕಲ್ಲಿನಂತೆ ನಿಂತಿರುತ್ತದೆ. ನಿಜವಾದ ಮನುಷ್ಯ ನಡೆಯುವಾಗ ಹಾಗಾಗುವುದಿಲ್ಲ. ಕ್ಯಾಮರಾದ ಶಟರ್ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸುವ ಕೈ ಅಷ್ಟರೊಳಗೆ ಸುಮಾರು ಎರಡು ಸೆಂಟಿಮೀಟರ್ ಜರುಗಿ ಫಿಲ್ಮಿನ ಮೇಲೆ ಮಸುಕಾಗಿ ಮೂಡುತ್ತದೆ. ಆ ಮಸುಕನ್ನೇ ನಮ್ಮ ಕಣ್ಣು ಓಟ ಅಂತ ಓದುವುದು. ಗೊಂಬೆಯಲ್ಲಿ ಮಸುಕಿಲ್ಲ, ಹಾಗಾಗಿ ಒಂದೊಂದು ಹೆಜ್ಜೆಯೂ ಕತ್ತರಿಸಿ ಅಂಟಿಸಿದಂತೆ. ಮೋಟಾರು ಇಟ್ಟು, ಶಟರ್ ತೆರೆದಿರುವಾಗಲೇ ಗೊಂಬೆಯನ್ನು ಅಲುಗಿಸುವ ‘ಗೋ ಮೋಷನ್’ ಎಂಬ ಉಪಾಯ 1981ರ ‘ಡ್ರ್ಯಾಗನ್‌ಸ್ಲೇಯರ್’ ಹೊತ್ತಿಗೇ ಬಂದಿತ್ತು. ಅದು ದುಬಾರಿ ವ್ಯವಹಾರ. ಈ ಸಿನಿಮಾದ ಒಟ್ಟು ಖರ್ಚು 64 ಲಕ್ಷ ಡಾಲರ್. ಅದೇ ವರ್ಷದ ‘ಡ್ಯೂನ್’ಗೆ ಸುಮಾರು 4 ಕೋಟಿ. ನಿಮ್ಮ ಶೀರ್ಷಿಕೆಯಲ್ಲೇ ‘ಕಡಿಮೆ ಖರ್ಚು’ ಇದೆ, ಆದರೆ ಲೇಖನದಲ್ಲಿ ಒಂದೂ ಅಂಕಿ ಇಲ್ಲ.

ನಾಲ್ಕನೆಯದು ಮಾದರಿಗಳು: ಸ್ಫೋಟಿಸುವ ಟ್ಯಾಂಕರ್ ಲಾರಿ, ಭವಿಷ್ಯದ ಯುದ್ಧದ ಯಂತ್ರಗಳು. ಇವುಗಳ ಮರ್ಮ ವೇಗ. ಚಿಕ್ಕ ಮಾದರಿಯ ಚೂರು ನೆಲಕ್ಕೆ ಬೇಗ ಬಿದ್ದುಬಿಡುತ್ತದೆ, ಆದ್ದರಿಂದ ಹೆಚ್ಚು ವೇಗದಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸಬೇಕು. ಲೆಕ್ಕ ಸರಳ, ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲ. ಒಂಬತ್ತನೇ ಒಂದು ಅಳತೆಯದಾದರೆ ಮೂರು ಪಟ್ಟು, ಅಂದರೆ ಸೆಕೆಂಡಿಗೆ 72 ಚೌಕಟ್ಟು. ಆದರೆ ಬೆಂಕಿಯ ನಾಲಿಗೆ, ನೀರಿನ ಹನಿ ನಿಮ್ಮ ಲೆಕ್ಕಕ್ಕೆ ತಕ್ಕಂತೆ ಚಿಕ್ಕದಾಗುವುದಿಲ್ಲ. ಮಾದರಿ ಸಿಕ್ಕಿಬೀಳುವುದೇ ಅಲ್ಲಿ. ಈ ಟ್ಯಾಂಕರ್ ಸಿಕ್ಕಿಬೀಳಲಿಲ್ಲ. ನಿಮ್ಮ ಹದಿನಾಲ್ಕನೇ ಪ್ರೇಕ್ಷಕಿ ‘ಲಾರಿಯನ್ನು ನಿಜವಾಗಲೂ ಸುಟ್ಟಿದ್ದಾರೆ, ಭೇಷ್’ ಅಂದಿದ್ದಾರೆ. ನಿಮ್ಮ ಲೇಖನದಲ್ಲಿ ಗ್ರಾಫಿಕ್ಸ್ ಹೊಗಳಿದವರು ಯಾರೂ ಇಲ್ಲ ಎಂದು ಬರೆದಿದ್ದೀರಿ. ಇವರು ಹೊಗಳಿದ್ದು ಅದನ್ನೇ, ತಮಗೇ ಗೊತ್ತಿಲ್ಲದೆ.

ಪತ್ರಿಕೆಯ ಡೆಸ್ಕಿನಲ್ಲಿ ಹೊಸಬನಾಗಿದ್ದಾಗ ನನಗೆ ಕಲಿಸಿದ್ದು ಒಂದೇ ಮಾರ್ಜಿನ್ ಗುರುತು: ‘ಎಲ್ಲಿ?’ ಅದ್ಭುತ, ಕೃತಕ, ನೀರಸ, ಯಾವ ವಿಶೇಷಣ ಬಂದರೂ ಪಕ್ಕದಲ್ಲಿ ಕೆಂಪು ಶಾಯಿಯ ‘ಎಲ್ಲಿ?’. ಉತ್ತರ ಬರೆಯಲು ಆಗದಿದ್ದರೆ ವಿಶೇಷಣ ಹೋಗಬೇಕು. ನಿಮ್ಮ ಮೂರನೇ ಪುಟದಲ್ಲಿ ಆ ಗುರುತು ಹದಿನೇಳು ಸಲ ಹಾಕಿದ್ದೇನೆ.

ಮುಂದಿನ ಸಾಲು: ‘ಬಂದೂಕಿನ ಸದ್ದು ಸಿನಿಮಾಕ್ಕೆ ಹೊಂದುವುದಿಲ್ಲ ಎಂದು ಕೆಲವರು, ಮೈ ಜುಂ ಎನ್ನಿಸುತ್ತದೆ ಎಂದು ಇನ್ನು ಕೆಲವರು. ಹೀಗೆ ಮಿಶ್ರ ಪ್ರತಿಕ್ರಿಯೆ.’

‘ಮಿಶ್ರ ಪ್ರತಿಕ್ರಿಯೆ’ ಎಂಬ ಪದವನ್ನು ನೀವು ಬರೆದಾಗಲೆಲ್ಲ ಒಂದು ಪ್ರಶ್ನೆ ಕೇಳದೆ ತಪ್ಪಿಸಿಕೊಂಡಿದ್ದೀರಿ ಅಂತಲೇ ಅರ್ಥ. ಇಲ್ಲಿನ ಪ್ರಶ್ನೆ: ಯಾವ ಪ್ರತಿ ನೋಡಿದರು? 1984ರ ಅಕ್ಟೋಬರ್ 26ರಂದು ಅಮೆರಿಕದಲ್ಲಿ ತೆರೆಕಂಡಾಗ ಈ ಸಿನಿಮಾದ ಧ್ವನಿ ಮೋನೊ, ಎಲ್ಲ ಸದ್ದೂ ಒಂದೇ ಹಾದಿಯಲ್ಲಿ. 2001ರ ಡಿವಿಡಿಗೆ 5.1 ಧ್ವನಿ, ಅಂದರೆ ಆರು ಹಾದಿಯ ಧ್ವನಿ, ಮಾಡಿದಾಗ ಹಳೆಯ ಸದ್ದನ್ನು ಸುತ್ತ ಹರಡಿದ್ದಷ್ಟೇ ಅಲ್ಲ, ಎಷ್ಟೋ ಗುಂಡಿನ ಸದ್ದುಗಳನ್ನೇ ಕಿತ್ತು ಹೊಸದು ಕೂರಿಸಿದರು. ಹಳೆಯದು ಒರಟು, ಗಡಸು. ಹೊಸದು ನುಣುಪು, ತುಂಬಿಕೊಂಡದ್ದು, ಆದರೆ ಸುತ್ತಲಿನ 1984ರ ಸಂಭಾಷಣೆಯ ನಡುವೆ ಬೇರೆ ಊರಿನ ನೆಂಟನ ಹಾಗೆ ಎದ್ದು ಕಾಣುತ್ತದೆ. ಆಮೇಲೆ ಬಂದ ಹಲವು ಡಿಸ್ಕುಗಳಲ್ಲಿ ಮೂಲ ಮೋನೊ ಇಲ್ಲವೇ ಇಲ್ಲ. ಅಂದಮೇಲೆ ‘ಹೊಂದುವುದಿಲ್ಲ’ ಅಂದವರೂ ‘ಮೈ ಜುಂ’ ಅಂದವರೂ ಜಗಳವಾಡುತ್ತಿಲ್ಲದೆ ಇರಬಹುದು. ಅವರು ಕೇಳಿದ್ದೇ ಬೇರೆ ಬೇರೆ ಸದ್ದು.

ಬಣ್ಣದ ಕಥೆಯೂ ಇದೇ. ‘ಇಡೀ ಸಿನಿಮಾ ನೀಲಿ ಬಳಿದಂತಿದೆ’ ಎಂದ ನಿಮ್ಮ ಆರನೇ ಪ್ರೇಕ್ಷಕ 2013ರ ಬ್ಲೂ-ರೇ ನೋಡಿರುವ ಸಾಧ್ಯತೆ ಜಾಸ್ತಿ. ಹೊಸದಾಗಿ ಸ್ವಚ್ಛಗೊಳಿಸಿದ ಆ ಪ್ರತಿ ಹಿಂದಿನವುಗಳಿಗಿಂತ ಎದ್ದು ಕಾಣುವಷ್ಟು ನೀಲಿ-ಹಸಿರಿನ ಕಡೆ ವಾಲಿದೆ ಎಂಬುದು ಹಳೆಯ ಅಭಿಮಾನಿಗಳ ನಿತ್ಯದ ತಕರಾರು. ವಿಎಚ್ಎಸ್ ಕ್ಯಾಸೆಟ್ಟಿನಲ್ಲಿ ನೋಡಿದವರಿಗೆ ನೀಲಿಯ ನೆನಪೇ ಇರುವುದಿಲ್ಲ, ಅವರಿಗೆ ಕತ್ತಲೆ ಮಾತ್ರ ನೆನಪು. ಪ್ರತಿಯಿಂದ ಅಭಿಪ್ರಾಯ ಎಷ್ಟರ ಮಟ್ಟಿಗೆ ತಿರುಗಬಹುದು ಅನ್ನುವುದಕ್ಕೆ ‘ಮ್ಯಾಡ್ ಮ್ಯಾಕ್ಸ್’ ನೋಡಿ. 1979ರ ಆ ಆಸ್ಟ್ರೇಲಿಯನ್ ಸಿನಿಮಾವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಇಂಗ್ಲಿಷಿನಿಂದ ಇಂಗ್ಲಿಷಿಗೇ ಡಬ್ ಮಾಡಿ, ಅಮೆರಿಕನ್ ದನಿಗಳನ್ನು ಕೂರಿಸಿದ್ದರು. ಅಲ್ಲಿಯ ಪ್ರೇಕ್ಷಕ ‘ನಟನೆ ಸಪ್ಪೆ’ ಅಂದರೆ ಆತ ಯಾರ ನಟನೆಯ ಬಗ್ಗೆ ಮಾತಾಡುತ್ತಿದ್ದಾನೆ?

ಇನ್ನು ನನಗೆ ನಿಜವಾಗಿ ಕೋಪ ತರಿಸಿದ ಸಾಲು. ‘ಹಿನ್ನೆಲೆ ಸಂಗೀತದಲ್ಲಿ ತಾಳ ತಪ್ಪಿದೆ ಎಂದು ಸಂಗೀತ ಕಲಿಯುತ್ತಿರುವ ಒಬ್ಬರು ಹೇಳಿದರು. ಅಭಿಪ್ರಾಯ ಅವರವರಿಗೆ ಬಿಟ್ಟದ್ದು.’

ಅವರವರಿಗೆ ಬಿಟ್ಟದ್ದಲ್ಲ, ಸ್ವಾಮಿ. ಆ ಹುಡುಗಿಯ ಕಿವಿ ಇಪ್ಪತ್ತೊಂದು ಜನರ ಕಣ್ಣಿಗಿಂತ ಚುರುಕಾಗಿದೆ, ನೀವು ಅವಳನ್ನು ಅರ್ಧ ಸಾಲಿನಲ್ಲಿ ಸಾಗಹಾಕಿದ್ದೀರಿ. ಸಂಗೀತಕಾರ ಬ್ರ್ಯಾಡ್ ಫಿಡೆಲ್ ಪ್ರಾಫೆಟ್-10 ಸಿಂಥಸೈಜರಿನಲ್ಲಿ ಆ ಲಯವನ್ನು ಕೈಯಾರೆ ಗುಂಡಿ ಒತ್ತಿ, ಮತ್ತೆ ಮತ್ತೆ ಮೊದಲಿನಿಂದ ಬರುವ ಸುತ್ತಾಗಿ ಮಾಡಿದರು. ತಾನೇ ಲೆಕ್ಕ ಸರಿಪಡಿಸುವ ಸೌಕರ್ಯ ಆ ಏರ್ಪಾಡಿನಲ್ಲಿ ಇರಲಿಲ್ಲ. ಒತ್ತಿದ್ದು ಚೂರು ಮುಂಚೆಯಾಯಿತು, ಸುತ್ತು ಗಿಡ್ಡವಾಯಿತು. ಕೇಳಿದರೆ ಚೆನ್ನಾಗಿತ್ತು, ಹಾಗೇ ಇಟ್ಟುಕೊಂಡರು. ಬಾಯಲ್ಲಿ ಹೇಳಿಕೊಂಡು ನೋಡಿ: ತಕಿಟ ತಕಿಟ ತಕಿಟ ತಕ ತಕ. ಮೂರು ಮೂರಲಿ ಒಂಬತ್ತು, ಮೇಲೆ ನಾಲ್ಕು, ಒಟ್ಟು ಹದಿಮೂರು. ಹದಿನಾರು ಎಣಿಸುತ್ತಾ ಕೂತವರಿಗೆ ಮೂರು ಎಣಿಕೆ ಬಾಕಿ ಇರುವಾಗಲೇ ಅದು ಮತ್ತೆ ಶುರುವಾಗಿಬಿಡುತ್ತದೆ. ಬೆನ್ನಟ್ಟಿ ಬರುವವನು ನೀವು ಅಂದುಕೊಂಡದ್ದಕ್ಕಿಂತ ಒಂದು ಹೆಜ್ಜೆ ಹತ್ತಿರ. ಮೇಲೆ ಬೀಳುವ ಆ ಲೋಹದ ಏಟು, ಮೈಕಿನ ಮುಂದೆ ಬಾಣಲೆ ಬಡಿದು ಮಾಡಿದ್ದು. ನಿಮ್ಮ ಪದವನ್ನೇ ಬಳಸುವುದಾದರೆ, ಮಿಶ್ರ ಅಂದರೆ ತಾಳದಲ್ಲಿ ಏಳು, ಇದು ಅದೂ ಅಲ್ಲ. ಆ ಹುಡುಗಿಗೆ ಮತ್ತೆ ಫೋನ್ ಮಾಡಿ, ಎಲ್ಲಿ ತಪ್ಪಿತು ಅಂತ ಕೈಯಲ್ಲಿ ತಟ್ಟಿ ತೋರಿಸಲು ಹೇಳಿ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ.

ಹಾಗೇ, ‘ಕೆಲವರು ಮೊಸರಲ್ಲಿ ಕಲ್ಲು ಹುಡುಕುತ್ತಾರೆ’ ಎಂದು ನೀವು ಗೇಲಿ ಮಾಡಿದ ಹತ್ತೊಂಬತ್ತನೆಯವರನ್ನೂ ಹೊರಗೆ ತನ್ನಿ. ಭವಿಷ್ಯದಿಂದ ಬಂದ ಕೈಲ್ ರೀಸ್ ಗಲ್ಲಿಯಲ್ಲಿ ಪೊಲೀಸನನ್ನು ಅಡ್ಡಹಾಕಿ ದಿನ ಯಾವುದು ಎಂದು ಕೇಳುತ್ತಾನೆ, ಮೇ 12, ಗುರುವಾರ ಎಂದು ಉತ್ತರ. ಕಥೆ ನಡೆಯುವುದು 1984ರಲ್ಲಿ, ಆ ವರ್ಷದ ಮೇ 12 ಶನಿವಾರ ಎಂದು ಇವರು ಕ್ಯಾಲೆಂಡರ್ ತೆಗೆದು ಹೇಳಿದ್ದಾರೆ. ನಾನೂ ಲೆಕ್ಕ ಹಾಕಿದೆ, ಶನಿವಾರವೇ. 1983ರ ಮೇ 12 ಮಾತ್ರ ಗುರುವಾರ. ಚಿತ್ರೀಕರಣ ಮೊದಲು ನಿಗದಿಯಾಗಿದ್ದದ್ದು 1983ಕ್ಕೆ, ಯಂತ್ರದ ಪಾತ್ರದ ಅರ್ನಾಲ್ಡ್ ಬೇರೊಂದು ಸಿನಿಮಾಕ್ಕೆ ಹೋಗಬೇಕಾಗಿ ಬಂದು 1984ಕ್ಕೆ ತಳ್ಳಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಿರಿ, ಓದುಗರು ಜಾಣರು.

ಈಗ ಕೆಲಸ. ಇಪ್ಪತ್ತೆರಡು ಅಭಿಪ್ರಾಯ ನನಗೆ ಬೇಡ, ಐದು ಸಾಕು: ತಾಳದ ಹುಡುಗಿ, ಕ್ಯಾಲೆಂಡರಿನವರು, ಲಾರಿ ಭೇಷ್ ಅಂದವರು, ನೀಲಿಯವರು, ‘ಹಳೆಯದು’ ಎಂದ ಒಂಬತ್ತರಲ್ಲಿ ಒಬ್ಬರು. ಈ ಕೊನೆಯವರ ಜೊತೆ ಕೂತು ಕಾರ್ಖಾನೆ ಭಾಗ ಹಾಕಿ, ಅವರು ಮುಖ ಸಿಂಡರಿಸಿದ ಕಡೆ ನಿಲ್ಲಿಸಿ, ನಿಮಿಷ-ಸೆಕೆಂಡು ಬರೆದುಕೊಳ್ಳಿ, ಪಾದ ಕಾಣುತ್ತಿದೆಯೇ ನೋಡಿ. ಪ್ರತಿಯೊಬ್ಬರನ್ನೂ ಯಾವ ವರ್ಷ ನೋಡಿದರು, ಎಷ್ಟು ದೊಡ್ಡ ಪರದೆ, ಎರಡನೇ ಭಾಗವನ್ನು ಇದಕ್ಕೂ ಮೊದಲೇ ನೋಡಿದ್ದರೇ ಎಂದು ಕೇಳಿ. ಎರಡನೆಯದನ್ನು ಮೊದಲು ನೋಡಿದವರಿಗೆ ಮೊದಲನೆಯದು ಬಡವಾಗಿಯೇ ಕಾಣುವುದು. ‘ಗ್ರಾಫಿಕ್ಸ್’ ಪದ ಉಲ್ಲೇಖದೊಳಗೆ ಇದ್ದರೆ ಇರಲಿ, ನಿಮ್ಮ ಸ್ವಂತ ವಾಕ್ಯದಲ್ಲಿ ಬಂದರೆ ಹೊಡೆದುಹಾಕುತ್ತೇನೆ. 1200 ಪದ ಮೀರಬೇಡಿ. ಡಿಸ್ಕ್ ಇಟ್ಟುಕೊಂಡವರು ‘ಯಾವ ಪ್ರತಿಯೋ ಗೊತ್ತಿಲ್ಲ’ ಅಂದರೆ ಡಬ್ಬಿಯ ಹಿಂಬದಿಯ ಫೋಟೊ ಕಳಿಸಲು ಹೇಳಿ. ಧ್ವನಿ ಯಾವುದು ಎಂಬುದು ಅಲ್ಲೇ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.