ಇನ್ನೂರು ಅಲರ್ಟ್, ಓದುವವರಿಲ್ಲ

ಪ್ರಶ್ನೆ: ನಮ್ಮ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಯಾವುದೇ ರೆಸ್ಪಾನ್ಸ್ (ಸರ್ವರ್ ಬ್ರೌಸರ್‌ಗೆ ಕಳಿಸುವ ಉತ್ತರ) 1 ಎಂಬಿ ದಾಟಿದರೆ ಅಲರ್ಟ್ ಮೇಲ್ ಬರುವ ಹಾಗೆ ಇಟ್ಟಿದ್ದೇವೆ. ದಿನಕ್ಕೆ ಇನ್ನೂರು ಬರುತ್ತವೆ, ಯಾರೂ ತೆರೆಯುವುದಿಲ್ಲ. ಮಿತಿಯನ್ನು 5 ಎಂಬಿಗೆ ಏರಿಸಿದರೆ ಸಾಕಾ?

ಉತ್ತರ: ಮೇಲ್ ಕಮ್ಮಿಯಾಗುತ್ತದೆ, ಕಾಯಿಲೆ ಹಾಗೇ ಇರುತ್ತದೆ. ಮೊದಲು ಒಂದು ದಿನದ ಇನ್ನೂರನ್ನೂ ಯುಆರ್‌ಎಲ್ ಪ್ರಕಾರ ಗುಂಪು ಮಾಡಿ. ಪಿಡಿಎಫ್, ಎಕ್ಸೆಲ್ ಡೌನ್‌ಲೋಡ್‌ಗಳೇ ಜಾಸ್ತಿ ಸಿಗಬಹುದು. ವರದಿ ದೊಡ್ಡದಿರುವುದು ತಪ್ಪಲ್ಲ ಅಲ್ವಾ? ಕಂಟೆಂಟ್-ಟೈಪ್ (ಕಳಿಸಿದ್ದು ಯಾವ ಬಗೆಯದು ಎನ್ನುವ ಗುರುತು) ನೋಡಿ ಅವಕ್ಕೆ ಬೇರೆ ಮಿತಿ ಕೊಡಿ. ಪುಟ ಕಟ್ಟುವ ಎಚ್‌ಟಿಎಂಎಲ್ ಮತ್ತು ಡೇಟಾ ಸಾಗಿಸುವ ಜೇಸನ್‌ಗೆ 1 ಎಂಬಿಯೇ ಇರಲಿ.

ಇನ್ನು ನಾನೇ ಬಿದ್ದ ಹಳ್ಳದ ವಿಷಯ. ಆರ್ಡರ್ ಹಾಕುವ ಪುಟ ಬ್ರೌಸರ್‌ನಲ್ಲಿ ಒದ್ದಾಡುತ್ತಿತ್ತು, ನಮ್ಮ ಅಲರ್ಟ್ ಮಾತ್ರ ತೆಪ್ಪಗಿತ್ತು. ಸರ್ವರ್ ಬರೆದಿಡುವ ಲಾಗ್‌ನಲ್ಲಿ ಪುಟದ ಗಾತ್ರ 400 ಕೆಬಿ. ಪುಟದ ಮೂಲ ಕೋಡ್ ತೋರಿಸುವ ವ್ಯೂ ಸೋರ್ಸ್ ಒತ್ತಿ ನೋಡಿದರೆ ಒಂದು ಡ್ರಾಪ್‌ಡೌನ್‌ನೊಳಗೆ ನಲವತ್ತು ಸಾವಿರ ಗ್ರಾಹಕರು! ಒಂದು ಸಾಲಿಗೆ 80 ಬೈಟ್ ಅಂದರೂ 3.2 ಎಂಬಿ. ಕಳಿಸುವ ಮುನ್ನ ಡೇಟಾ ಹಿಂಡುವ ಜಿಜಿಪ್ ಅದನ್ನು ಎಂಟನೇ ಒಂದು ಭಾಗಕ್ಕೆ ಹಿಂಡಿತ್ತು. ನಾವು ಅಳೆಯುತ್ತಿದ್ದದ್ದು ಹಿಂಡಿದ ಮೇಲಿನ ಗಾತ್ರ. ಬ್ರೌಸರ್ ಬಿಚ್ಚಿ ಜೋಡಿಸಬೇಕಾದದ್ದು ಪೂರ್ತಿ 3.2 ಎಂಬಿ.

ನಿಮ್ಮ ಸಾಫ್ಟ್‌ವೇರ್‌ನ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದು, ಅದೇ ಜಿಜಿಪ್ ಮಾಡುತ್ತಿದ್ದರೆ ಉಪಾಯ ಸುಲಭ. ಲಾಗ್‌ನಲ್ಲಿ ಕಳಿಸಿದ ಬೈಟ್‌ಗಳ ಜೊತೆ ಜಿಜಿಪ್ ರೇಶಿಯೋ (ಎಷ್ಟು ಪಟ್ಟು ಹಿಂಡಿತು ಎಂಬ ಲೆಕ್ಕ) ಕೂಡ ಬರೆಸಿ. ಎರಡನ್ನೂ ಗುಣಿಸಿದರೆ ಹೆಚ್ಚುಕಮ್ಮಿ ಮೂಲ ಗಾತ್ರ ಸಿಗುತ್ತದೆ. ಜಿಜಿಪ್ ಆಗದ ಪುಟಕ್ಕೆ ಅಲ್ಲಿ ಬರೀ ಒಂದು ಗೀಟು ಇರುತ್ತದೆ, ಅದನ್ನು 1 ಅಂತ ಲೆಕ್ಕ ಹಾಕಿ. ರೆಸ್ಪಾನ್ಸ್ ಜೊತೆ ಗಾತ್ರ ಹೇಳುವ ಕಂಟೆಂಟ್-ಲೆಂತ್ ಹೆಡರ್ ನಂಬಿ ಕೂರಬೇಡಿ. ರೆಸ್ಪಾನ್ಸ್ ತುಂಡು ತುಂಡಾಗಿ, ಅಂದರೆ ಚಂಕ್ಡ್ ಆಗಿ ಹೋದಾಗ ಅದು ಇರುವುದೇ ಇಲ್ಲ.

ಒಂದೊಂದು ರೆಸ್ಪಾನ್ಸ್‌ಗೂ ಮೇಲ್ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಒಂದೇ ಪುಟ ಹತ್ತು ನಿಮಿಷದಲ್ಲಿ ಐದಾರು ಸಲ ಮಿತಿ ದಾಟಿದರೆ ಒಂದು ಮೇಲ್ ಸಾಕು. ಅದರಲ್ಲಿ ಯುಆರ್‌ಎಲ್, ಗಾತ್ರ, ಡೇಟಾಬೇಸ್‌ನಿಂದ ಬಂದ ಸಾಲುಗಳ ಸಂಖ್ಯೆ ಇರಲಿ. ಸುಮ್ನೆ 'ರೆಸ್ಪಾನ್ಸ್ ದೊಡ್ಡದಾಗಿದೆ' ಅಂತ ಬಂದರೆ ರಾತ್ರಿ ಎರಡು ಗಂಟೆಗೆ ಎದ್ದವನು ಏನು ಮಾಡಬೇಕು?

ಅಂದಹಾಗೆ, ಆ ಡ್ರಾಪ್‌ಡೌನ್ ತೆಗೆದು, ಮೂರು ಅಕ್ಷರ ಒತ್ತಿದ ಮೇಲೆ ಹೊಂದುವ ಇಪ್ಪತ್ತು ಹೆಸರು ಬರುವ ಹಾಗೆ ಮಾಡಿದೆವು. ಪುಟ ಈಗ 90 ಕೆಬಿ, ಹಿಂಡುವ ಮೊದಲು.