ಬೊನೆಗಿಲ್ಲಾ ಶಿಬಿರದಲ್ಲಿ ಬೆಳೆದ ಅಜ್ಜಿ

ಪ್ರಶ್ನೆ: ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಪಕ್ಕದ ಮನೆಯ ಅಜ್ಜಿ ಯುರೋಪಿನ ಲಾಟ್ವಿಯಾ ದೇಶದವರು, ಬಾಲ್ಯ ಕಳೆದದ್ದು ಆಸ್ಟ್ರೇಲಿಯಾದ ಬೊನೆಗಿಲ್ಲಾ ವಲಸಿಗರ ಶಿಬಿರದಲ್ಲಂತೆ. ಎರಡನೇ ಮಹಾಯುದ್ಧ ಮುಗಿದ ಮೇಲೂ ಊರಿಗೆ ಯಾಕೆ ಹೋಗಲಿಲ್ಲ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಊರೇನೋ ಇತ್ತು, ಆದರೆ ಅಲ್ಲಿ ಸೋವಿಯತ್ ಆಳ್ವಿಕೆ ಬಂದಿತ್ತು. ಹೋದರೆ ಜೈಲೋ ಸೈಬೀರಿಯಾವೋ ಎಂಬ ಭಯಕ್ಕೆ ಎಷ್ಟೋ ಜನ, ಯುದ್ಧದಲ್ಲಿ ನೆಲೆ ತಪ್ಪಿ ಬಂದು ಸೇರಿದ್ದ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲೇ ಉಳಿದರು. ಆಸ್ಟ್ರೇಲಿಯಾಕ್ಕೆ ಕೆಲಸಗಾರರು ಬೇಕಿತ್ತು; 1947ರಿಂದ ಇಂಥ ಸುಮಾರು 1,70,000 ಜನರನ್ನು ಕರೆಸಿಕೊಂಡಿತು. ಸುಮ್ನೆ ಅಲ್ಲ, ಸರ್ಕಾರ ಹೇಳಿದ ಕಡೆ ಎರಡು ವರ್ಷ ದುಡಿಯಬೇಕೆಂಬ ಕರಾರಿತ್ತು, ಹಾಗಾಗಿ ಎಷ್ಟೋ ಮನೆಗಳಲ್ಲಿ ಅಪ್ಪ ದೂರದ ಕೆಲಸದಲ್ಲಿ, ಅಮ್ಮ ಮಕ್ಕಳು ಇನ್ನೊಂದು ಶಿಬಿರದಲ್ಲಿ. ಡಾಕ್ಟರಾಗಿದ್ದವರೂ ಕೂಲಿ ಮಾಡಿದರು (ನನಗೆ ಇದೇ ಜಾಸ್ತಿ ಅನ್ಯಾಯ ಅನ್ನಿಸುತ್ತದೆ). ಬೊನೆಗಿಲ್ಲಾ ಹಳೇ ಸೈನ್ಯದ ಬಿಡಾರ. ಊಟಕ್ಕೆ ಕುರಿ ಮಾಂಸವೇ ಕುರಿ ಮಾಂಸ! 1971ರಲ್ಲಿ ಮುಚ್ಚಿತು. ಒಂದು ಭಾಗ, ‘ಬ್ಲಾಕ್ 19’, ಈಗಲೂ ನೋಡಲು ಸಿಗುತ್ತದೆ. ಅಜ್ಜಿಗೆ ಮನಸ್ಸಿದ್ದರೆ ಮಗ ಒಮ್ಮೆ ಕರೆದುಕೊಂಡು ಹೋಗಲಿ.