ಹಿತ್ತಿಲ ಬೂದಿ ಬಣ್ಣದ ಮರಳು

ತಮ್ಮಾ,

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರಕ್ಕಿರುವ ಪೆಟೋಸ್ಕಿ ಹತ್ತಿರ ಮನೆ ನೋಡಿದ್ದೇವೆ ಅಂತ ಬರೆದು ನಾಲ್ಕು ಪ್ರಶ್ನೆ ಕೇಳಿದ್ದೀಯ. ಚಳಿ ತಡೆಯೋಕಾಗುತ್ತಾ, ಶಾಲೆ ಹೇಗೆ, ನಮ್ಮವರು ಇದ್ದಾರಾ. ನಾಲ್ಕನೆಯದು ಹೀಗಿತ್ತು: "ಹಿತ್ತಿಲಲ್ಲಿ ಮೊಳದುದ್ದ ಅಗೆದು ನೋಡಿದೆ ಅಕ್ಕಾ. ಮೇಲೆ ಕಪ್ಪು, ಕೆಳಗೆ ಬೂದಿ, ಅದರ ಕೆಳಗೆ ಕೆಂಪುಗಂದು. ಹಿಂದಿನವರು ಏನಾದರೂ ಸುಟ್ಟು ಹೂತಿದ್ದಾರಾ? ಇದರಲ್ಲಿ ತರಕಾರಿ ಆಗುತ್ತಾ?"

ಮೊದಲ ಮೂರಕ್ಕೆ ಬೇಗ ಹೇಳಿಬಿಡುತ್ತೇನೆ. ಚಳಿ ಅಭ್ಯಾಸವಾಗುತ್ತದೆ, ಬೂಟಿನಲ್ಲಿ ಜಿಪುಣತನ ಮಾಡಬೇಡ. ಶಾಲೆ ಚೆನ್ನಾಗಿದೆ. ನಮ್ಮವರು ಈ ಕಡೆ ಬಹಳ ಕಡಿಮೆ. ಯುಗಾದಿ, ರಾಜ್ಯೋತ್ಸವ ಅಂದರೆ ಡೆಟ್ರಾಯಿಟ್ ಕಡೆಯ ಪಂಪ ಕನ್ನಡ ಕೂಟ, ನಾಲ್ಕು ಗಂಟೆಗೂ ಮಿಕ್ಕಿದ ದಾರಿ. ಹೋಗಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇವೆ.

ಇನ್ನು ಮಣ್ಣು. ಅಲ್ಲಿ ಯಾರೂ ಏನೂ ಸುಟ್ಟಿಲ್ಲ ಮಾರಾಯ. ನೀನು ವರ್ಣಿಸಿದ್ದು ಕಲ್ಕಾಸ್ಕಾ ಮರಳು ಅಥವಾ ಅದರ ದಾಯಾದಿ. 1990ರಲ್ಲಿ ಮಿಷಿಗನ್ ತನ್ನ ರಾಜ್ಯದ ಮಣ್ಣು ಅಂತ ಹೆಸರಿಸಿದ್ದು ಇದನ್ನೇ. ರಾಜ್ಯದ 29 ಕೌಂಟಿಗಳಲ್ಲಿ ಸುಮಾರು 7.5 ಲಕ್ಷ ಎಕರೆಯಷ್ಟಿದೆ. ಹೆಮ್ಮೆಪಡುವಂಥ ಮಣ್ಣೇ. ನಮ್ಮ ಕಣ್ಣಿಗೆ ಮಾತ್ರ ಅದು ಮಣ್ಣು ಅನಿಸಲು ಕಾಲ ಹಿಡಿಯುತ್ತದೆ.

ನಾವು ಬಂದಿದ್ದು ಏಪ್ರಿಲ್‌ನಲ್ಲಿ, ಹಿಮ ಕರಗುವ ಹೊತ್ತಿಗೆ. ಆಳೆತ್ತರ ಗುಡ್ಡೆ ಹಾಕಿದ್ದ ಹಿಮ ದಿನದಿನಕ್ಕೆ ಇಳಿಯುತ್ತಿತ್ತು, ನೀರು ಮಾತ್ರ ಎಲ್ಲೂ ಹರಿಯಲಿಲ್ಲ. ಮೊದಲ ಮಳೆಗೇ ಅಂಗಳದ ತುಂಬ ಕೆಂಪು ನೀರು ಓಡುವ ಊರಿನವಳು ನಾನು. ಇಷ್ಟು ನೀರು ಹೋಯಿತೆಲ್ಲಿಗೆ ಅಂತ ಬಾಗಿಲಲ್ಲೇ ನಿಂತುಬಿಟ್ಟೆ. ಅಷ್ಟೂ ನೆಟ್ಟಗೆ ಕೆಳಗಿಳಿಯುತ್ತಿತ್ತು. ನಿನ್ನ ಹಿತ್ತಿಲಿನ ಬಣ್ಣಗಳನ್ನು ಮಾಡಿದ್ದೂ ಅದೇ ನೀರು.

ಈ ಸೀಮೆಯ ಬಯಲಿನಲ್ಲಿ ಬಹಳಷ್ಟು ಒಂದು ಕಾಲದ ಸರೋವರದ ತಳ, ಇಲ್ಲವೇ ದಂಡೆ. ಹಿಮನದಿ ಹಿಂದೆ ಸರಿದಾಗ, 11,000 ವರ್ಷಕ್ಕೂ ಹಿಂದೆ, ಇಲ್ಲಿ ಆಲ್ಗಾಂಕ್ವಿನ್ ಅಂತ ಕರೆಯುವ ದೊಡ್ಡ ಸರೋವರವಿತ್ತು. ಅದು ಇಳಿದು, ಸುಮಾರು 5,000 ವರ್ಷದ ಹಿಂದೆ ಇನ್ನೊಂದು ಮಟ್ಟದಲ್ಲಿ ನಿಪಿಸ್ಸಿಂಗ್ ಸರೋವರ ಬಂತು. ಬಿಟ್ಟುಹೋದ ಮರಳಿನ ಮೇಲೆ ಸಕ್ಕರೆ ಮೇಪಲ್, ಬೀಚ್, ಹೆಮ್ಲಾಕ್, ಬಿಳಿ ಪೈನ್ ಬೆಳೆದವು. ಎಲೆ, ಸೂಜಿ ಕೊಳೆತಾಗ ಹುಳಿ ರಸ ಹೊರಡುತ್ತದೆ; ಅದು ಮರಳಿನ ಕಾಳಿಗಂಟಿದ ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಬಿಡಿಸಿಕೊಂಡು ಕೆಳಗೆ ಹೋಗುತ್ತದೆ. ಬಣ್ಣ ಕಳೆದುಕೊಂಡ ಮರಳೇ ನಿನ್ನ ಬೂದಿ. ಇಳಿದದ್ದು ತಂಗಿದ ಜಾಗ ಕೆಂಪುಗಂದು. ಫಿಲ್ಟರಿನ ಮೇಲಿನ ಡಬ್ಬಿ ಖಾಲಿಯಾಗಿ ಕೆಳಗಿನದರಲ್ಲಿ ಡಿಕಾಕ್ಷನ್ ನಿಂತ ಹಾಗೆ. ಇನ್ನೂ ಅಗೆದರೆ ಕಂದು ತಿಳಿಯಾಗುತ್ತಾ ಬರೀ ಹಳದಿ ಮರಳು ಸಿಗುತ್ತದೆ. ಹಳೆಯ ಸರೋವರದ ದಂಡೆಯಲ್ಲಿ ಈ ಪದರಗಳು ದಟ್ಟ, ಹೊಸದರಲ್ಲಿ ಮಬ್ಬು.

ಸರೋವರದ ಹಿಮವೂ ಇದಕ್ಕೆ ಜೊತೆ. ಮಿಷಿಗನ್ ಸರೋವರ ದಾಟಿ ಬರುವ ಚಳಿಗಾಳಿ ನೀರಿನ ಪಸೆ ಹೊತ್ತು ತಂದು ಇಲ್ಲಿ ಸುರಿಯುತ್ತದೆ. ಬೇಗ ಬಿದ್ದ ದಪ್ಪ ಹಿಮದಡಿ ಕಾಡಿನ ನೆಲ ಹೆಚ್ಚು ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ವಸಂತದಲ್ಲಿ ಕರಗಿದ್ದು ವಾರಗಟ್ಟಲೆ ನಿಧಾನ ಇಂಗುತ್ತಲೇ ಇರುತ್ತದೆ.

ನಮ್ಮ ಜಂಬಿಟ್ಟಿಗೆ ನೆಲದ್ದು ಇದಕ್ಕೆ ತಿರುವುಮುರುವು. ಅಲ್ಲಿ ಸೆಕೆ ಮತ್ತು ಮಳೆ ಸೇರಿ ಮರಳಿನ ಅಂಶವನ್ನೇ ತೊಳೆದು ಕಬ್ಬಿಣವನ್ನು ಮೇಲೆ ಉಳಿಸುತ್ತವೆ. ಇಲ್ಲಿ ಕಬ್ಬಿಣ ಹೋಗಿ ಮರಳು ಉಳಿಯುತ್ತದೆ. ಎರಡೂ ಹುಳಿ ಮಣ್ಣೇ. ತೋಟಕ್ಕೆ ಸುಣ್ಣ ಯಾಕೆ ಹಾಕುತ್ತಾರೆ ಅಂತ ನಿನಗೆ ಹೇಳಿಕೊಡಬೇಕಿಲ್ಲ.

ಮನೆಯ ವಿಷಯಕ್ಕೆ ಬಂದರೆ ಈ ನೆಲ ಒಳ್ಳೆಯದು. ನೆಲಮಾಳಿಗೆಗೆ ನೀರು ಬರುವುದು ಕಡಿಮೆ, ಶೌಚದ ನೀರು ಇಂಗುವುದೂ ಸಲೀಸು. ಹೊರಗೆ ಚಪ್ಪರವೋ ಶೆಡ್ಡೋ ಹಾಕಿಸಿದರೆ ಕಂಬದ ಬುಡ 42 ಇಂಚಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಕಂಬವನ್ನೇ ಎತ್ತಿಬಿಡುತ್ತದೆ. ಬೂದು ಬಣ್ಣ ಕಂಡು ನೀರು ನಿಲ್ಲುವ ಜಾಗ ಅಂತ ಹೆದರಬೇಡ. ನೀರು ನಿಲ್ಲುವಲ್ಲಿ ಬೂದಿಯ ನಡುವೆ ತುಕ್ಕಿನ ಚುಕ್ಕೆಗಳಿರುತ್ತವೆ. ಜಾಗದ ತಗ್ಗಿನ ತುದಿಯಲ್ಲೂ ಅಗೆದು ನೋಡು. ಈ ಬಯಲಿನಲ್ಲಿ ನೆಲ ನಾಲ್ಕಡಿ ತಗ್ಗಿದರೆ ಸಾಕು, ಸೀಡರ್ ಮರಗಳ ಜೌಗು ಶುರು.

ನೀರು ಬಸಿಯುವ ನೆಲದಲ್ಲಿ ಹಾಕಿದ್ದೆಲ್ಲವೂ ಬಸಿಯುತ್ತದೆ, ಅದೇ ತೊಡಕು. ಯೂರಿಯಾ ಒಂದೇ ಸಲ ಚೆಲ್ಲಿದರೆ ಗಿಡಕ್ಕಿಂತ ಮೊದಲು ನಿನ್ನ ಕೊಳವೆಬಾವಿಗೆ ಸಿಗುತ್ತದೆ. ಮನೆ ನಿಗದಿ ಮಾಡುವ ಮೊದಲು ಬಾವಿ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸು. ಲೀಟರಿಗೆ 10 ಮಿಲಿಗ್ರಾಂ ನೈಟ್ರೋಜನ್ ಇಲ್ಲಿನ ಮಿತಿ. ಕೂಸಿರುವ ಮನೆಯಲ್ಲಿ ಇದನ್ನು ಉದಾಸೀನ ಮಾಡುವಂತಿಲ್ಲ. ಮಣ್ಣು ಪರೀಕ್ಷೆಯ ಕಿಟ್ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ವಿಸ್ತರಣಾ ವಿಭಾಗದವರು ಕೊಡುತ್ತಾರೆ. ತರಕಾರಿಗೆ ಹಲಗೆ ಕಟ್ಟಿದ ಏರುಮಡಿ ಮಾಡಿ, ಗೊಬ್ಬರ ತುಂಬಿ, ಸ್ವಲ್ಪ ಸ್ವಲ್ಪವಾಗಿ ಉಣಿಸು. ಆಲೂಗೆಡ್ಡೆ, ಸ್ಟ್ರಾಬೆರಿ, ಮೂಲಂಗಿ, ಬೀನ್ಸ್ ಚೆನ್ನಾಗಿ ಬರುತ್ತವೆ. ಮೇ ಕೊನೆಯವರೆಗೂ ಮಂಜು ಸುಡಬಹುದು, ಅವಸರ ಬೇಡ. ಬಸಳೆ ಬೇಸಿಗೆಯಲ್ಲಿ ಕುಂಡದಲ್ಲಿ, ಕರಿಬೇವು ಚಳಿಗಾಲದಲ್ಲಿ ಮನೆಯೊಳಗೆ.

ಮನೆ ಹಿಂದಿನ ಮೇಪಲ್ ಕಾಡಿನ ಬಗ್ಗೆ ನೀನು ಏನೂ ಕೇಳಲಿಲ್ಲ. ನನಗೆ ಹೇಳಬೇಕಾಗಿರುವುದು ಅದನ್ನೇ.

ನನ್ನ ಅಪ್ಪ ಒಮ್ಮೆ ಅಕ್ಟೋಬರಿನಲ್ಲಿ ಬಂದಿದ್ದರು. ಎಲೆ ಉದುರಿ ಕಾಡಿನ ನೆಲವೆಲ್ಲ ಮುಚ್ಚಿತ್ತು. "ಇಷ್ಟು ದರಕು ದಂಡವಾಗುತ್ತಿದೆಯಲ್ಲೇ" ಅಂತ ಅವರಿಗೆ ಸಂಕಟ. ಸೊಪ್ಪಿನ ಬೆಟ್ಟದಿಂದ ಹೆಡಿಗೆ ಹೆಡಿಗೆ ಹೊತ್ತು ಕೊಟ್ಟಿಗೆಗೂ ತೋಟಕ್ಕೂ ಹಾಕಿ ಬದುಕಿದವರು. ನಿಮ್ಮ ಮನೆಯಲ್ಲೂ ಅದೇ ತಾನೆ? ಗುಡಿಸಬೇಡಿ ಅಂದರೆ ಅವರಿಗೆ ಅರ್ಥವಾಗಲಿಲ್ಲ. ಇಲ್ಲಿನ ಕಾಡಿನ ಬದುಕೆಲ್ಲ ಆ ಕೊಳೆತ ಎಲೆಯ ಹಾಸಿನಲ್ಲೇ ಇದೆ. ಬೇರುಗಳು ಅದರಲ್ಲೇ ಹರಡುತ್ತವೆ, ಕೆಳಗಿನ ಮರಳಲ್ಲಿ ಉಣ್ಣಲು ಅಷ್ಟೇನೂ ಇಲ್ಲ. ಅದನ್ನು ಕೆರೆದರೆ ಮರಕ್ಕೆ ತಿನ್ನಲು ಕೊಡದೆ ಕೂರಿಸಿದ ಹಾಗೆ ಅಂದೆ. ತಲೆಯಾಡಿಸಿದರು, ಒಪ್ಪಲಿಲ್ಲ.

"ಹೋಗಲಿ, ಒಂದಿಷ್ಟು ಎರೆಹುಳು ತಂದು ಬಿಡು" ಅಂದರು. ನೀನೂ ಅದನ್ನೇ ಅಂದುಕೊಳ್ಳುತ್ತೀಯ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು. ದಯವಿಟ್ಟು ಬಿಡಬೇಡ. ಹಿಮನದಿ ಹೊಸಕಿಹೋದ ಈ ಸೀಮೆಯಲ್ಲಿ ಎರೆಹುಳುವೇ ಇರಲಿಲ್ಲ. ಈಗಿರುವುದೆಲ್ಲ ಯುರೋಪಿನಿಂದ, ಏಷ್ಯಾದಿಂದ ಬಂದವು. ಗಿಡದ ಬೇರಿನ ಜೊತೆ, ಮೀನಿನ ಗಾಳಕ್ಕೆ ಸಿಕ್ಕಿಸಲು ತಂದ ಹುಳುವಿನ ಡಬ್ಬಿಯ ಜೊತೆ ಕಾಡಿಗೆ ಹೊಕ್ಕವು. ವರ್ಷಗಟ್ಟಲೆ ಕೂಡಿದ ಹಾಸನ್ನು ಅವು ತಿಂದು ಮುಗಿಸುತ್ತವೆ. ಮೇಪಲ್ ಸಸಿ ಏಳುವುದಿಲ್ಲ, ನೆಲದ ಹೂಗಿಡಗಳು ತೆಳುವಾಗುತ್ತವೆ. ನಮ್ಮ ಹಿಂದಿನ ಕಾಡಿನ ಒಂದು ಮೂಲೆಯಲ್ಲಿ ಮೇ ತಿಂಗಳಲ್ಲಿ ಬಿಳಿ ಟ್ರಿಲಿಯಮ್ ಹೂ ಹಾಸಿದಂತಿರುತ್ತಿತ್ತು. ಈಗ ಅಲ್ಲಿ ಬರೀ ನೆಲ, ಕಾಳುಕಾಳಾದ ಮಣ್ಣು, ಅಷ್ಟೆ. ಯಾರ ಡಬ್ಬಿಯಿಂದ ಬಂದವೋ. ಒಮ್ಮೆ ಕಾಡು ಸೇರಿದ ಹುಳವನ್ನು ತೆಗೆಯುವ ದಾರಿ ಯಾರಿಗೂ ಗೊತ್ತಿಲ್ಲ.

ಊರಿನಲ್ಲಿ ರೈತನ ಮಿತ್ರ ಅಂತ ಪಾಠ ಓದಿದ ಹುಳು ಇಲ್ಲಿ ಹಾಳು ಮಾಡುತ್ತದೆ ಅಂತ ಅಪ್ಪನನ್ನು ಒಪ್ಪಿಸಲು ನನ್ನಿಂದ ಆಗಲೇ ಇಲ್ಲ. ಕಲಿತಾಕೆಗೆ ಸೊಕ್ಕು ಅಂದುಕೊಂಡೇ ವಾಪಸ್ ಹೋದರು. ಆ ಮೂಲೆಯನ್ನು ತೋರಿಸಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು, ಮಣ್ಣು ಓದಲು ಬರುತ್ತಿದ್ದ ಮನುಷ್ಯ. ಅವರು ಬಂದಾಗ ಅದಿನ್ನೂ ಹಾಗಾಗಿರಲಿಲ್ಲ. ಆದ ಮೇಲೆ ತೋರಿಸಲು ಅವರಿರಲಿಲ್ಲ.

ಮಗಳನ್ನು ಕರೆದುಕೊಂಡು ಒಮ್ಮೆ ಗ್ರೇಲಿಂಗ್ ಹತ್ತಿರದ ಹಾರ್ಟ್‌ವಿಕ್ ಪೈನ್ಸ್‌ಗೆ ಹೋಗಿ ಬಾ. 19ನೇ ಶತಮಾನದಲ್ಲಿ ಮಿಷಿಗನ್ನಿನ ಪೈನ್ ಕಾಡನ್ನೆಲ್ಲ ಕಡಿದು ಸಾಗಿಸಿದಾಗ ಉಳಿದುಕೊಂಡ 49 ಎಕರೆ ಅಲ್ಲಿದೆ. ಕಡಿದ ಜಾಗದಲ್ಲಿ ಉಳುಮೆ ಮಾಡಲು ಬಂದವರು ಎಷ್ಟೋ ಮಂದಿ ಸೋತು, ಕಂದಾಯ ಕಟ್ಟಲಾಗದೆ ಬಿಟ್ಟುಹೋದರು. ಆ ನೆಲವೇ ಈಗ ಸರಕಾರಿ ಕಾಡು. ಮರ ನೋಡಿದ್ದಾದ ಮೇಲೆ ಕಾಲಡಿಯ ಹಾಸನ್ನೂ ಮೆಟ್ಟಿ ನೋಡು, ಎಷ್ಟು ಮೆತ್ತಗಿದೆ ಅಂತ.

ಬಾವಿಯ ವರದಿ ಬಂದರೆ ಕಳಿಸು. ಏರುಮಡಿಗೆ ಗೊಬ್ಬರ ಕೊಳ್ಳುವ ಮುಂಚೆ ಒಂದು ಮಾತು ಕೇಳು. ಹುಳು ಬೆರೆತದ್ದು ಬೇಡ.

ಅಕ್ಕ